ನೇಪಿಯರ್ ಹುಲ್ಲು: ಗೊಬ್ಬರದ ಲೆಕ್ಕ, ನೀರಿನ ಲೆಕ್ಕ

ಹಸುಗಳಿಗೆಂದು ಬೆಳೆಯುತ್ತಿದ್ದ ನೇಪಿಯರ್ ಹುಲ್ಲನ್ನು ಈಗ ಜೈವಿಕ ಅನಿಲ ಘಟಕಗಳೂ ಕೇಳುತ್ತಿವೆ. ಅನಿಲಕ್ಕಾಗಿ ಹುಲ್ಲು ಬೆಳೆಯುವುದೆಂದರೆ ಇಂಧನ ಬೆಳೆದಂತೆಯೇ. ಹಾಗಿದ್ದರೆ ಆ ಹುಲ್ಲು ಬೆಳೆಯಲು ನಾವು ಸುಡುವ ಇಂಧನವೆಷ್ಟು?

ಉಳುಮೆಯ ಬಾಬ್ತು ಸಣ್ಣದು. ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಕೂಳೆಯಿಂದಲೇ ಚಿಗುರುವ ಹುಲ್ಲಿದು. ಪ್ರತಿ ವರ್ಷ ಟ್ರ್ಯಾಕ್ಟರ್ ಇಳಿಸಬೇಕಿಲ್ಲ.

ಯೂರಿಯಾ ಹಾಗಲ್ಲ. ಅದು ನೈಸರ್ಗಿಕ ಅನಿಲದಿಂದ ತಯಾರಾಗುವ ಗೊಬ್ಬರ. 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕವಿದೆ. ಅದನ್ನು ತಯಾರಿಸಲು ಹಿಡಿಯುವ ಶಕ್ತಿ ಹೆಚ್ಚುಕಡಿಮೆ 28 ಲೀಟರ್ ಡೀಸೆಲ್‌ಗೆ ಸಮ. ಹಾಗೆಂದು ಯೂರಿಯಾ ಬೇಡವೆನ್ನಲಾಗದು. ನಿಜ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1993ರಲ್ಲಿ ಇಂಧನಕ್ಕೆಂದು ನೆಟ್ಟ ಮಿಸ್ಕಾಂತಸ್ ಹುಲ್ಲು ಸಾರಜನಕ ಕೊಡದಿದ್ದರೂ 14 ಕೊಯ್ಲುಗಳಲ್ಲಿ ಇಳುವರಿ ಬಿಟ್ಟುಕೊಡಲಿಲ್ಲ. ಆದರೆ ಅದನ್ನು ಕೊಯ್ಯುವುದು ಎಲೆ ಒಣಗಿ, ಸಾರ ಗೆಡ್ಡೆಗೆ ಇಳಿದ ಮೇಲೆ, ವರ್ಷಕ್ಕೊಮ್ಮೆ. ನಾವು ನೇಪಿಯರನ್ನು 45 ದಿನಕ್ಕೊಮ್ಮೆ ಹಸಿಹಸಿಯಾಗಿ ಕೊಯ್ಯುತ್ತೇವೆ. ಎಕರೆಗೆ ವರ್ಷಕ್ಕೆ 60 ಟನ್ ಹಸಿ ಹುಲ್ಲು ಹೊರಗೆ ಹೋದರೆ ಅದರೊಂದಿಗೆ ಏಳೆಂಟು ಚೀಲ ಯೂರಿಯಾದಷ್ಟು ಸಾರಜನಕವೂ ಹೋಗುತ್ತದೆ. ಅದನ್ನು ತುಂಬಿಕೊಡದಿದ್ದರೆ ಎರಡನೇ ವರ್ಷವೇ ಬುಡ ಸೊರಗುತ್ತದೆ.

ಕೊಟ್ಟದ್ದು ಬೇರಿಗೆ ಸೇರಬೇಕು, ಅಷ್ಟೇ. ಇಡೀ ವರ್ಷದ ಗೊಬ್ಬರವನ್ನು ಒಂದೆರಡು ಸಲಕ್ಕೆ ಸುರಿಯಬೇಡಿ. ಪ್ರತಿ ಕಟಾವಿನ ನಂತರ ಹೊಸ ಚಿಗುರು ಕಂಡಾಗ, ನೆಲ ಹಸಿಯಿರುವಾಗ, ಸಾಲಿನ ಪಕ್ಕ ಕೊಟ್ಟು ಮಣ್ಣು ಮುಚ್ಚಿ. ಮಣ್ಣು ಮುಚ್ಚದೆ ನೆಲದ ಮೇಲೆ ಎರಚಿದ ಯೂರಿಯಾ ಗಾಳಿಗೆ, ಜಡಿಮಳೆಗೆ ಮುನ್ನ ಎರಚಿದ್ದು ಹಳ್ಳಕ್ಕೆ. ಸಾಲುಗಳ ನಡುವೆ ಅಲಸಂದೆ ಹಾಕಿದರೆ ಒಂದಿಷ್ಟು ಸಾರಜನಕ ಬಿಟ್ಟಿಯಾಗಿ ಸಿಗುತ್ತದೆ.

ಬಯಲುಸೀಮೆಯಲ್ಲಿ ಗೊಬ್ಬರಕ್ಕಿಂತ ದೊಡ್ಡ ಖರ್ಚು ನೀರಿನದು. 500 ಅಡಿ ಆಳದಿಂದ ಎತ್ತಿದ ನೀರನ್ನು ಒಂದು ಎಕರೆಗೆ ಒಂದು ಇಂಚು ಹಾಯಿಸಲು ಹತ್ತಿರಹತ್ತಿರ 100 ಯೂನಿಟ್ ವಿದ್ಯುತ್ ಬೇಕು. ಅಷ್ಟು ವಿದ್ಯುತ್ತಿಗೆ ಉಷ್ಣ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಶಾಖ ಒಂದು ಚೀಲ ಯೂರಿಯಾದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ! ವರ್ಷಕ್ಕೆ 20 ಇಂಚು ನೀರು ಕೊಟ್ಟರೆ 20 ಚೀಲ ಸುರಿದಂತಾಯಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಬರುವುದಿಲ್ಲವಾದ್ದರಿಂದ ಈ ಖರ್ಚು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೊಳವೆಬಾವಿಯ ಆಳ 800, 1000 ಅಡಿ ದಾಟಿದ ಕಡೆ ಅನಿಲಕ್ಕೆಂದು ನೇಪಿಯರ್ ಬೆಳೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಕೆರೆ, ಕಾಲುವೆ ಅಥವಾ ಊರಿನ ಬಚ್ಚಲು ನೀರು ಸಿಗುವ ಕಡೆ ಮಾತು ಬೇರೆ. ಹನಿ ನೀರಾವರಿ, ಸಾಲಿನಲ್ಲಿ ತರಗಿನ ಮುಚ್ಚಿಗೆ ಎಲ್ಲ ಕಡೆಗೂ ಒಳ್ಳೆಯದು.

ಇನ್ನು ಅನಿಲ ತೆಗೆದ ಮೇಲೆ ಘಟಕದಲ್ಲಿ ಉಳಿಯುವ ಬಗ್ಗಡದ ಮಾತು. ಹುಲ್ಲು ಅನಿಲವಾದಾಗ ಹೊರಗೆ ಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಬಗ್ಗಡದಲ್ಲೇ ಉಳಿಯುತ್ತವೆ. ಅದು ಹೊಲಕ್ಕೆ ಮರಳಿದರೆ ಯೂರಿಯಾದ ದೊಡ್ಡ ಪಾಲು ಉಳಿತಾಯ. ನಡುಮಧ್ಯಾಹ್ನದ ಬಿಸಿಲಲ್ಲಿ ಎರಚದೆ ಸಂಜೆ ಸಾಲಿಗೆ ಹಾಯಿಸಿ ಮಣ್ಣು ಎಳೆಯಿರಿ. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆದ್ದರಿಂದ ದೂರದ ಘಟಕಕ್ಕೆ ಹುಲ್ಲು ಸಾಗಿಸಿ, ಅಲ್ಲಿಂದ ಬಗ್ಗಡ ತರುವುದು ಲಾಭವಲ್ಲ. ಹತ್ತಿರದ ಘಟಕವನ್ನೇ ನೋಡಿ. ತುಂಡು ನೆಡುವ ಮೊದಲೇ, ಟನ್ ಹುಲ್ಲಿಗೆ ಎಷ್ಟು ಬಗ್ಗಡ ವಾಪಸ್ಸು, ಯಾರ ಗಾಡಿಯಲ್ಲಿ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.