ಪರ್ವದಿನಗಳೂ ಮನೆಯ ಪ್ರಮಾರ್ಜನವೂ

ಮನೆಯನ್ನು ದಿನಕ್ಕೆ ಎಷ್ಟು ಸಲ ಗುಡಿಸಬೇಕು, ಎಷ್ಟು ದಿನಗಳಿಗೊಮ್ಮೆ ಧೂಳು ಒರೆಸಬೇಕು, ಜೇಡರ ಬಲೆಯನ್ನು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಯನ್ನು ಅತ್ತೆಸೊಸೆಯರ ನಡುವಿನ ಮಾತೆಂದು ಬಿಟ್ಟುಬಿಡುವುದು ರೂಢಿ. ಗಂಡಸರಂತೂ ಅದಕ್ಕೆ ಕಿವಿಗೊಡುವುದೇ ಇಲ್ಲ. ಆದರೆ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ನಿಯಮವಾಗಿ ಹಿಡಿದ ಶ್ರಾವಕರ ಮನೆಯಲ್ಲಿ ಇದು ವ್ರತಕ್ಕೇ ಸೇರಿದ ವಿಷಯವಾಗಿದೆ. ಪ್ರೋಷಧೋಪವಾಸದ ಅತಿಚಾರಗಳನ್ನು ಎಣಿಸುವಾಗ ಆಚಾರ್ಯರು ಐದರಲ್ಲಿ ಮೂರನ್ನು ಈ ಒಂದು ವಿಷಯಕ್ಕೇ ಮೀಸಲಾಗಿಟ್ಟಿದ್ದಾರೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವು ಬರುತ್ತವೆ. ಕಣ್ಣಿನಿಂದ ನೋಡದೆ, ಮೃದುವಾದ ಉಪಕರಣದಿಂದ ಒರೆಸದೆ ನೆಲದ ಮೇಲೆ ಮಲಮೂತ್ರಾದಿಗಳನ್ನು ಬಿಡುವುದು ಒಂದು. ಹಾಗೆಯೇ ಪೂಜಾಸಾಮಗ್ರಿಯನ್ನು, ಬಟ್ಟೆಬರೆಯನ್ನು ಎತ್ತಿಕೊಳ್ಳುವುದು ಎರಡು. ಚಾಪೆ ಹಾಸಿಗೆಗಳನ್ನು ಹಾಸುವುದು ಮೂರು. ನಿತ್ಯಕ್ರಿಯೆಗಳಲ್ಲಿ ಅನಾದರ, ಮರೆವು ಎಂಬವು ಉಳಿದೆರಡು. ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದೇ ಎಣಿಕೆಯಿದೆ. ವಾಚಕರು ಒಂದನ್ನು ಗಮನಿಸಬೇಕು. ಉಪವಾಸದ ದೋಷಗಳನ್ನು ಹೇಳುವ ಈ ಸ್ಥಳದಲ್ಲಿ ಅನ್ನದ ಮಾತೇ ಇಲ್ಲ. ಉಣ್ಣದಿದ್ದವನು ಸಹ ನೋಡದೆ ಚಾಪೆ ಕೊಡವಿದರೆ ಅವನ ಉಪವಾಸಕ್ಕೆ ಕಲೆ ತಗುಲುತ್ತದೆ. ಇನ್ನು ಇಲ್ಲಿ ನೋಡುವುದು ಮೊದಲು, ಒರೆಸುವುದು ಆಮೇಲೆ. ಆ ಕ್ರಮ ತಪ್ಪಿದರೆ ಪ್ರಮಾರ್ಜನವು ಬರಿಯ ಕಸಗುಡಿಸುವಿಕೆಯಾಗುತ್ತದೆ.

ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅತ್ತೆಗೆ ಎಪ್ಪತ್ತು ದಾಟಿದೆ. ಪರ್ವದಿನದ ಉಪವಾಸವನ್ನು ಬಿಟ್ಟವರಲ್ಲ. ಸೊಸೆ ಮುಂಜಾನೆಯ ಬಸ್ಸಿಗೆ ಹಾನಗಲ್ಲಿಗೆ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುವವಳು. ಬಂದವಳೇ ಕಸಬರಿಗೆ ಹಿಡಿಯುತ್ತಾಳೆ. ರಾತ್ರಿ ಗುಡಿಸಬೇಡವೆಂದು ಅತ್ತೆಯ ಆಕ್ಷೇಪ. ಹಾಗಾದರೆ ಗುಡಿಸುವುದು ಯಾವಾಗ ಎಂದು ಸೊಸೆಯ ಉತ್ತರ. ಅಷ್ಟಮಿಯ ದಿನ ಅಟ್ಟದ ಧೂಳು ಕಂಡು ಸಹಿಸದೆ ಅತ್ತೆಯೇ ನಿರಾಹಾರವಾಗಿ ಏಣಿ ಹತ್ತುತ್ತಾರೆ. ತಲೆಸುತ್ತಿ ಕೆಳಗೆ ಕೂರುತ್ತಾರೆ. ಈ ಮನೆಯಲ್ಲಿ ತಪ್ಪು ಯಾರದು? ಶಾಸ್ತ್ರವನ್ನು ಕೇಳಿದರೆ ಇಬ್ಬರದೂ ಅಲ್ಲ, ಮನೆಯ ವ್ಯವಸ್ಥೆಯದು ಎನ್ನಬೇಕಾಗುತ್ತದೆ.

ಗೃಹಸ್ಥನ ಮನೆಯಲ್ಲಿ ಐದು ಸೂನಗಳು, ಎಂದರೆ ಜೀವಹಿಂಸೆಯ ಸ್ಥಾನಗಳು, ಇವೆಯೆಂದು ಹಿಂದಿನವರು ಎಣಿಸಿದ್ದಾರೆ: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ ಮತ್ತು ಕಸಬರಿಗೆ. ಕಸಬರಿಗೆಯು ಈ ಸಾಲಿನಲ್ಲಿರುವುದನ್ನು ಕಂಡು ಕೆಲವರು, ಗುಡಿಸುವುದು ಕಡಿಮೆಯಾದಷ್ಟೂ ಪಾಪ ಕಡಿಮೆ ಎಂದು ಬಗೆಯುವುದುಂಟು. ಇದು ಸರಿಯಲ್ಲ. ಗುಡಿಸದೆ ಬಿಟ್ಟ ಮೂಲೆಯು ಜೀವರಹಿತವಾಗಿ ಉಳಿಯುವುದಿಲ್ಲ. ಅಲ್ಲಿ ಇರುವೆ ಸಾಲುಗಟ್ಟುತ್ತದೆ, ಜೇಡ ಮೊಟ್ಟೆಯಿಡುತ್ತದೆ, ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟನ್ನು ಅನಂತಕಾಯವೆಂದು ಭಾವಿಸುವವರಿಗೆ ಅದನ್ನು ಒರೆಸಿ ತೆಗೆಯುವುದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ನಿತ್ಯ ಗುಡಿಸುವವನ ಕಸಬರಿಗೆಗೆ ಸಿಕ್ಕುವುದು ಧೂಳು; ಮೂರು ತಿಂಗಳಿಗೊಮ್ಮೆ ಗುಡಿಸುವವನಿಗೆ ಸಿಕ್ಕುವುದು ಒಂದು ಸಂಸಾರ. ಮಹಾನವಮಿಗೂ ದೀಪಾವಳಿಗೂ ಮುನ್ನ ಮನೆಯನ್ನೆಲ್ಲ ಅಡಿಮೇಲು ಮಾಡಿ, ಜಂತಿಗಳನ್ನು ಬಡಿದು, ಸುಣ್ಣ ಹೊಡೆಯುವ ದೊಡ್ಡ ಶುಚಿಕಾರ್ಯವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳುಂಟು. ಚಾತುರ್ಮಾಸದ ಮಳೆಯಲ್ಲಿ ಬೆಳೆಯಗೊಟ್ಟು ಆಶ್ವಯುಜದಲ್ಲಿ ಒಮ್ಮೆಲೇ ನಾಶಮಾಡುವ ಈ ಪದ್ಧತಿಯು ಅಹಿಂಸಾಣುವ್ರತಿಗೆ ಒಪ್ಪುವಂತಹದಲ್ಲ.

ಅಕ್ಕಿಆಲೂರಿನ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕವಿದೆ. ಅರೆಮಲೆನಾಡಿನ ಈ ಭಾಗ ಭತ್ತದ ನಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗಳು ತೇವ ಕುಡಿದಿರುತ್ತವೆ. ಸುಗ್ಗಿಯಲ್ಲಿ ಕಣದ ಹೊಟ್ಟು, ಗಿರಣಿಯ ತೌಡು ಗಾಳಿಯೊಡನೆ ಪಡಸಾಲೆಗೆ ಬರುತ್ತವೆ. ಹಂಚಿನ ಸಂದಿನಿಂದ ಸಣ್ಣ ಪುಡಿ ದಿನವೂ ಉದುರುತ್ತದೆ. ಅಕ್ಕಿಯ ಹುಳವು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುವುದರಿಂದ ಹೊರಗೆ ಕಾಣುವುದಿಲ್ಲ. ಬೆಚ್ಚಗಿನ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ಹುಳ ಹೊರಬೀಳುತ್ತದೆ. ಆದುದರಿಂದ ಹೊಸ ಅಕ್ಕಿಯನ್ನು ಚೆನ್ನಾಗಿ ಒಣಗಿಸಿ, ಒಣಗಿದ ಪಾತ್ರೆಯಲ್ಲಿ ಮುಚ್ಚಿಟ್ಟು, ತಿಂಗಳಿಗೊಮ್ಮೆಯಾದರೂ ಡಬ್ಬಿಯ ಮೂಲೆಯವರೆಗೆ ನೋಡುವುದು ಅಗತ್ಯ.

ಕಾಲಭೇದದ ಈ ಲೆಕ್ಕವು ಶ್ರಾವಕರಿಗೆ ಹೊಸದೇನಲ್ಲ. ಹಿಟ್ಟಿನ ಮರ್ಯಾದೆಯನ್ನು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಪಾಲಿಸುತ್ತ ಬಂದಿರುವವರು ಹಿಟ್ಟಿನ ಡಬ್ಬಿಯನ್ನೂ ಅದನ್ನಿಟ್ಟ ಗೂಡನ್ನೂ ಅದೇ ಲೆಕ್ಕದಲ್ಲಿ ಒರೆಸಿದರೆ ಸಾಕು. ಹಿಟ್ಟು ಹೊಸದು, ಡಬ್ಬಿಯ ಅಂಚಿನಲ್ಲಿ ಹಳೆಯದು ಎಂದಾದರೆ ಮರ್ಯಾದೆಗೆ ಅರ್ಥವೇನು?

ನೆಲವನ್ನು ದಿನಕ್ಕೆ ಎರಡು ಸಲ ಗುಡಿಸುವುದು ಯೋಗ್ಯ. ಬೆಳಿಗ್ಗೆ ಬೆಳಕು ಚೆನ್ನಾಗಿ ಹರಡಿದ ಮೇಲೆ ಒಮ್ಮೆ, ಸೂರ್ಯಾಸ್ತಕ್ಕೆ ಮೊದಲೇ ಒಮ್ಮೆ. ಕೆಲಸಕ್ಕೆ ಹೋಗುವವರ ಮನೆಯಲ್ಲಿ ಎರಡನೆಯದು ಸಾಧ್ಯವಾಗದಿದ್ದರೆ ಒಮ್ಮೆಯಾದರೂ ಹಗಲಿನಲ್ಲಿಯೇ ಆಗಲಿ. ಮುಸ್ಸಂಜೆಯ ಮೇಲೆ ಗುಡಿಸಿದರೆ ಲಕ್ಷ್ಮಿ ಹೋಗುತ್ತಾಳೆಂದು ಊರವರು ಹೇಳುತ್ತಾರೆ. ಶ್ರಾವಕನಿಗೆ ಆ ಕಾರಣ ಬೇಕಾಗಿಲ್ಲ. ರಾತ್ರಿಭೋಜನವನ್ನು ಬಿಟ್ಟ ಕಾರಣವೇ ಇಲ್ಲಿಗೂ ಸಲ್ಲುತ್ತದೆ. ವಿದ್ಯುದ್ದೀಪವಿದ್ದರೂ ಮಳೆಗಾಲದಲ್ಲಿ ಅದರ ಕೆಳಗೆ ಬಿದ್ದಿರುವ ರೆಕ್ಕೆಯ ಗೆದ್ದಲುಗಳನ್ನು ಕಂಡವರಿಗೆ ಇದು ತಿಳಿದದ್ದೇ. ಊಟವಾದ ಜಾಗವನ್ನು ಮಾತ್ರ ಆಗಿಂದಾಗಲೇ ಒರೆಸತಕ್ಕದ್ದು. ಒಂದು ಅಗುಳು ಬಿಟ್ಟರೆ ಅರ್ಧ ತಾಸಿನಲ್ಲಿ ಇರುವೆಗಳನ್ನು ಕರೆದಂತಾಯಿತು.

ಧೂಳು ಒರೆಸುವುದು, ಬಲೆ ತೆಗೆಯುವುದು, ಚಾಪೆ ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು, ಇವುಗಳಿಗೆ ಪಂಚಾಂಗವೇ ದಾರಿ ತೋರಿಸುತ್ತದೆ. ಅಷ್ಟಮಿಗೆ ಮೊದಲಿನ ಸಪ್ತಮಿ, ಚತುರ್ದಶಿಗೆ ಮೊದಲಿನ ತ್ರಯೋದಶಿ ಎಂದು ತಿಂಗಳಿಗೆ ನಾಲ್ಕು ದಿನಗಳನ್ನು ಇಟ್ಟುಕೊಂಡರೆ ಒಮ್ಮೆ 6, ಒಮ್ಮೆ 9 ತಿಥಿಗಳ ಅಂತರ ಬೀಳುತ್ತದೆ. ಈ ಅಂತರದಲ್ಲಿ ಧೂಳು ಗಟ್ಟಿಯಾಗುವುದಿಲ್ಲ, ಜೇಡಕ್ಕೆ ನೆಲೆಯಾಗುವುದು ಕಷ್ಟ. ಆದರೆ ನೀರಿನ ತೊಟ್ಟಿ ಹಂಡೆಗಳಿಗೆ 9 ದಿನ ಹೆಚ್ಚಾಯಿತು. ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನಗಳನ್ನು ತೆಗೆದುಕೊಳ್ಳುತ್ತದೆ. ಮೊಟ್ಟೆಗೆ ಅವಕಾಶವೇ ಆಗದಂತೆ ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿಟ್ಟು, ಎರಡು ಮೂರು ದಿನಗಳಿಗೊಮ್ಮೆ ಬರಿದುಮಾಡಿ ತಿಕ್ಕಬೇಕು. ಹುಳು ಆದ ಮೇಲೆ ಚೆಲ್ಲುವುದು ಬೇರೆ ಮಾತು.

ಹಾಸಿಗೆಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಮನುಷ್ಯನ ಮೈಯಿಂದ ಉದುರುವ ಚರ್ಮದ ಹೊಟ್ಟನ್ನೇ ಉಂಡು ಬದುಕುವ, ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲದ ಎಂಟುಕಾಲಿನ ಜೀವಿಗಳು ಮನೆಯ ಧೂಳಿನಲ್ಲಿ ಇವೆಯೆಂದು ಸೂಕ್ಷ್ಮದರ್ಶಕ ತೋರಿಸಿದೆ. ತೇವವಿದ್ದಲ್ಲಿ ಅವು ಹೆಚ್ಚುತ್ತವೆ. ಹಾಸಿಗೆಯನ್ನು ಆಗಾಗ ಒಣಗಿಸುತ್ತಿದ್ದರೆ ಅವು ಹೆಚ್ಚಲಾರವು. ಆದರೆ ತಗಣೆ ಮುತ್ತಿದ ಮಂಚವನ್ನು ತಿಳಿದೂ ತಿಳಿದೂ ನಡುಹಗಲ ಬಿಸಿಲಿಗೆ ಒಡ್ಡುವುದು ಕೊಲ್ಲುವುದೇ ಆಯಿತು. ಗೃಹಕೃತ್ಯದಲ್ಲಿ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ತಿ ಬಿಡುವಂತಹದಲ್ಲ. ಕೊಲ್ಲಬೇಕೆಂದೇ ವಿಷದ ಪುಡಿ ಚೆಲ್ಲುವುದು, ಔಷಧ ಸಿಂಪಡಿಸುವುದು ಸಂಕಲ್ಪೀ ಹಿಂಸೆಯ ಕಡೆಗೆ ಸಾಗುತ್ತದೆ. ಈಗ ಪೇಟೆಯ ಮನೆಗಳಿಗೆ ಬಂದಿರುವ ಧೂಳು ಹೀರುವ ಯಂತ್ರವು ಇರುವೆಯನ್ನೂ ಧೂಳನ್ನೂ ಬೇರೆ ಮಾಡದು. ಅದನ್ನು ಬಳಸುವವರು ಮೊದಲು ಕಣ್ಣಿನಿಂದ ನೋಡಿ, ಮೃದುವಾದ ಬಟ್ಟೆಯಿಂದ ಜೀವಿಗಳನ್ನು ಸರಿಸಿ, ಆಮೇಲೆ ಗುಂಡಿ ಒತ್ತಬೇಕು.

ಮುನಿಗಳ ಪಿಂಛಿಯು ನವಿಲುಗರಿಯದೇ ಏಕೆ? ಅದು ಧೂಳನ್ನು ಹಿಡಿಯದು, ಬೆವರನ್ನು ಹಿಡಿಯದು, ಮೃದು, ಸುಕುಮಾರ, ಹಗುರ ಎಂದು ಮೂಲಾಚಾರವು ಐದು ಗುಣಗಳನ್ನು ಹೇಳುತ್ತದೆ. ಗೃಹಸ್ಥನ ಕಸಬರಿಗೆಗೆ ಇವೆಲ್ಲ ಬಾರವು. ಆದರೂ ಒಳಮನೆಗೆ ಮೆತ್ತನೆಯ ಹುಲ್ಲಿನ ಕಸಬರಿಗೆ, ಅಂಗಳಕ್ಕೆ ಗಟ್ಟಿಕಡ್ಡಿಯದು ಎಂದು ಬೇರೆ ಇಟ್ಟುಕೊಳ್ಳಬಹುದು. ನೆಲ ಒರೆಸುವ ನೀರೂ ಸೋಸಿದ ನೀರೇ ಆಗಿರಬೇಕು. ಸೋಸಿ ಎರಡು ಗಳಿಗೆ, ಎಂದರೆ 48 ನಿಮಿಷ, ಕಳೆದರೆ ಮತ್ತೆ ಸೋಸತಕ್ಕದ್ದೆಂಬುದನ್ನು ಕುಡಿಯುವ ನೀರಿನಲ್ಲಿ ನೆನೆಯುವವರು ಒರೆಸುವ ನೀರಿನಲ್ಲಿ ಮರೆಯುತ್ತಾರೆ.

ಉಪವಾಸದ ದಿನದ ಮಾತು ಉಳಿಯಿತು. ಪ್ರೋಷಧವು ಹಿಂದಿನ ದಿನದ ಏಕಭುಕ್ತಿಯೊಡನೆ ಮೊದಲಾಗಿ, ಪೂರ್ಣವಾಗಿ ಆಚರಿಸುವವರಿಗೆ ಹದಿನಾರು ಪ್ರಹರಗಳವರೆಗೆ ನಡೆಯುತ್ತದೆ. ಆ ಅವಧಿಯಲ್ಲಿ ಆರಂಭವನ್ನು ಬಿಡಬೇಕು. ಅಟ್ಟ ಗುಡಿಸುವುದು, ಬಲೆ ತೆಗೆಯುವುದು ಆರಂಭವೇ. ತಾನು ಮಾಡದೆ ಕೆಲಸದವಳಿಂದ ಮಾಡಿಸಿದರೂ ತೀರಲಿಲ್ಲ. ಮಾಡಿದುದು, ಮಾಡಿಸಿದುದು, ಒಪ್ಪಿದುದು ಮೂರೂ ಒಂದೇ ಸಾಲಿನವು. ಆದುದರಿಂದ ದೊಡ್ಡ ಕೆಲಸವೆಲ್ಲ ಸಪ್ತಮಿಯ ಏಕಭುಕ್ತಿಗೆ ಮೊದಲೇ ಮುಗಿದಿರತಕ್ಕದ್ದು. ನಾಲ್ಕನೆಯ ಅತಿಚಾರವಾದ ಅನಾದರವು ಹಸಿವಿನ ಬಾಧೆಯಿಂದ ಬರುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹಸಿದ ಹೊಟ್ಟೆಯಲ್ಲಿ ಏಣಿ ಹತ್ತಿ ದಣಿದ ಮುದುಕಿಗೆ ಸಂಜೆಯ ಸಾಮಾಯಿಕದಲ್ಲಿ ಆದರ ಎಲ್ಲಿಂದ ಉಳಿಯಬೇಕು? ಆ ಅನಾದರವನ್ನು ಆಕೆಯ ಮೇಲೆ ತಂದವರು, ಸಪ್ತಮಿಯ ಬೆಳಿಗ್ಗೆ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದ ಮನೆಯ ಗಂಡಸರು. ಕಸಬರಿಗೆ ಹೆಂಗಸರದೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ.

ಮೇಲೆ ಹೇಳಿದ ಮನೆಯಲ್ಲಿ ಮಗನು ಸಪ್ತಮಿ ತ್ರಯೋದಶಿಗಳ ಮುಂಜಾನೆ ಅಟ್ಟವನ್ನೂ ಜಂತಿಗಳನ್ನೂ ವಹಿಸಿಕೊಳ್ಳಲಿ. ಸೊಸೆಯು ಬಸ್ಸಿಗೆ ಮೊದಲು ಹಗಲಿನ ಬೆಳಕಿನಲ್ಲಿ ಅಡಿಗೆಮನೆ ಪಡಸಾಲೆಗಳನ್ನಷ್ಟು ಗುಡಿಸಲಿ. ರಾತ್ರಿ ಕಂಡ ಧೂಳು ಬೆಳಗಿನವರೆಗೆ ಇರಲಿ. ಅಷ್ಟಮಿಯ ದಿನ ಅತ್ತೆಯವರ ಪಾಲಿಗೆ ಉಳಿಯುವುದು ತಾವು ಕೂರುವ ಚಾಪೆ, ಶಾಸ್ತ್ರದ ಪೀಠ, ಜಪಮಾಲೆಯ ಗೂಡು ಇಷ್ಟೇ. ಅವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹಿತ್ತಲಿನ ನೆರಳಿನಲ್ಲಿ ಮೆಲ್ಲಗೆ ಕೊಡವಿ ಅದರ ಗೂಟಕ್ಕೆ ಹಾಕಿದರೆ ಆ ದಿನದ ಪ್ರಮಾರ್ಜನ ಮುಗಿಯಿತು.