ಲೇಸರ್ ಕಿರಣವೂ ಮಧುಮೇಹಿಯ ಕಣ್ಣೂ

ಸಮೀಪದೃಷ್ಟಿಯುಳ್ಳವರು ಕನ್ನಡಕವನ್ನು ತೊರೆಯಲು ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದುಂಟು. ಮಧುಮೇಹ ಇರುವವರಿಗೆ ಇದು ಕ್ಷೇಮಕರವೇ? ಉತ್ತರಕ್ಕೆ ಮೊದಲು, ಕಣ್ಣಿನಲ್ಲಿ ಆ ಕಿರಣವು ಮಾಡುವುದೇನು, ಮಧುಮೇಹವು ಮಾಡುವುದೇನು ಎಂಬೆರಡನ್ನೂ ನಾವು ಅರಿಯಬೇಕು.

ಕಣ್ಣಿನ ಮುಂಭಾಗದಲ್ಲಿ ಕಾರ್ನಿಯ ಎಂಬ ಪಾರದರ್ಶಕ ಪಟಲವಿದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಆದರೂ ಬೆಳಕನ್ನು ಬಾಗಿಸುವ ಕೆಲಸದ ಮೂರರಲ್ಲಿ ಎರಡು ಪಾಲು ಅದರದೇ. ಸಮೀಪದೃಷ್ಟಿಯಲ್ಲಿ ದೂರದ ವಸ್ತುವಿನ ಬಿಂಬವು ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಕಾರ್ನಿಯದ ನಡುಭಾಗವನ್ನು ಕೊಂಚ ಚಪ್ಪಟೆಯಾಗಿಸಿದರೆ ಬಿಂಬವು ಹಿಂದೆ ಸರಿದು ಅಕ್ಷಿಪಟಲದ ಮೇಲೆ ಬೀಳುತ್ತದೆ.

ಈ ಕೆಲಸಕ್ಕೆ ಬಳಸುವುದು 193 ನ್ಯಾನೋಮೀಟರು ತರಂಗಾಂತರದ ನೇರಳಾತೀತ ಕಿರಣ. ಅಮೆರಿಕದ ಐಬಿಎಂ ಪ್ರಯೋಗಶಾಲೆಯಲ್ಲಿ 1981ರಲ್ಲಿ ಭಾರತಸಂಜಾತ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು, ಈ ಕಿರಣವು ಪ್ರಾಣಿಗಳ ಅಂಗಾಂಶವನ್ನು ಸುಡದೆ ಅಚ್ಚುಕಟ್ಟಾಗಿ ಕೊರೆಯುವುದನ್ನು ಕಂಡರು. ಇದರ ಒಂದು ಫೋಟಾನಿನ ಶಕ್ತಿ ಸುಮಾರು 6.4 ಎಲೆಕ್ಟ್ರಾನ್‌ವೋಲ್ಟು, ಎರಡು ಇಂಗಾಲ ಪರಮಾಣುಗಳ ಬಂಧವನ್ನು ಮುರಿಯಲು ಸುಮಾರು 3.6 ಸಾಕು. ಆದುದರಿಂದ ಅಣುಗಳು ತುಂಡಾಗಿ ಹಾರಿಹೋಗುತ್ತವೆ. ನೆರೆಯ ಭಾಗ ಬೇಯುವುದಿಲ್ಲ.

ಕಿರಣದ ಈ ನಿಯಮ ಎಲ್ಲ ಕಣ್ಣುಗಳಿಗೂ ಒಂದೇ. ವ್ಯತ್ಯಾಸವಿರುವುದು ಕಣ್ಣಿನಲ್ಲಿ. ಮೊದಲನೆಯದಾಗಿ, ರಕ್ತದ ಸಕ್ಕರೆ ಏರಿಳಿದಾಗ ಕಣ್ಣೊಳಗಿನ ಮಸೂರದ ನೀರಿನಂಶವೂ ಆಕಾರವೂ ಬದಲಾಗಿ, ಕನ್ನಡಕದ ಅಂಕಿಯೇ ವ್ಯತ್ಯಾಸಗೊಳ್ಳಬಹುದು. ತಪ್ಪು ಅಂಕಿಯನ್ನು ಆಧರಿಸಿ ಕೊರೆದ ಕಾರ್ನಿಯವನ್ನು ಮತ್ತೆ ತುಂಬಲಾಗದು. ಎರಡನೆಯದಾಗಿ, ಮಧುಮೇಹವು ಕಾರ್ನಿಯದ ನರಗಳನ್ನು ದುರ್ಬಲಗೊಳಿಸುತ್ತದೆ. ಅದರ ಹೊರಪದರದ ಗಾಯ ನಿಧಾನವಾಗಿ ಮಾಯುತ್ತದೆ. ಶಸ್ತ್ರಚಿಕಿತ್ಸೆಯೂ ಕೆಲವು ನರಗಳನ್ನು ಕತ್ತರಿಸುವುದರಿಂದ ಕಣ್ಣು ಒಣಗುವ, ಸೋಂಕು ತಗಲುವ ಭಯ ಹೆಚ್ಚು. ಮೂರನೆಯದಾಗಿ, ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಕೆಟ್ಟಿದ್ದರೆ, ಮುಂದಿನ ಪಟಲವನ್ನು ಎಷ್ಟು ತಿದ್ದಿದರೂ ದೃಷ್ಟಿ ಸ್ಪಷ್ಟವಾಗದು.

ಹಾಗಾದರೆ ಮಧುಮೇಹಿಗಳಿಗೆ ಇದು ಸರ್ವಥಾ ನಿಷಿದ್ಧವೇ? ಅಲ್ಲ. ಸಕ್ಕರೆ ಬಹುಕಾಲದಿಂದ ಹತೋಟಿಯಲ್ಲಿದ್ದು, ಕನ್ನಡಕದ ಅಂಕಿ ಸ್ಥಿರವಾಗಿದ್ದು, ಕಾರ್ನಿಯವೂ ಅಕ್ಷಿಪಟಲವೂ ಆರೋಗ್ಯವಾಗಿದ್ದರೆ ನೇತ್ರವೈದ್ಯರು ಒಪ್ಪಬಹುದು. ಸಕ್ಕರೆ ಹತೋಟಿ ತಪ್ಪಿದವರೂ ಅಕ್ಷಿಪಟಲ ಕೆಟ್ಟವರೂ ಇದರ ಗೊಡವೆಗೆ ಹೋಗದಿರುವುದೇ ಲೇಸು. ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಪರೀಕ್ಷಿಸದೆ ನಿರ್ಧಾರ ಸಲ್ಲದು.

ಇನ್ನೊಂದು ಲೇಸರ್ ಚಿಕಿತ್ಸೆಯುಂಟು, ಎರಡನ್ನೂ ಬೆರೆಸಬಾರದು. ಮಧುಮೇಹದಿಂದ ಅಕ್ಷಿಪಟಲ ಕೆಟ್ಟಾಗ ಹಸಿರು ಲೇಸರ್ ಬೆಳಕನ್ನು ಬಳಸುವುದುಂಟು. ಅದು ಕಾರ್ನಿಯವನ್ನೂ ಮಸೂರವನ್ನೂ ಹಾದುಹೋಗಿ, ಅಕ್ಷಿಪಟಲದ ವರ್ಣಕದಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ಹೊಸ ದುರ್ಬಲ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ. ಕನ್ನಡಕ ಬಿಡಿಸುವ ಚಿಕಿತ್ಸೆ ನಮ್ಮ ಇಷ್ಟಕ್ಕೆ ಸೇರಿದ್ದು, ಕಾಯಬಹುದು. ದೃಷ್ಟಿಯನ್ನೇ ಉಳಿಸುವ ಈ ಚಿಕಿತ್ಸೆಯನ್ನು ವೈದ್ಯರು ಸೂಚಿಸಿದಾಗ, ಲೇಸರ್ ಎಂಬ ಹೆಸರಿಗೆ ಹೆದರಿ ಮುಂದೂಡಬಾರದು.