ಮನಸ್ಸು ತೆರೆದರೂ ಹೃದಯ ಮುಚ್ಚಿದ್ದರೆ?



‘ದೈವಕರೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಗುರುಮಠ, ಇಲ್ಲವೇ ಕನ್ಯಾಮಠ. ‘ಹೊಲ ಮನೆ, ಹೆಂಡತಿ ಮಕ್ಕಳು, ಸಾಲಸೋಲ ಇರುವ ನಮಗೆ ಎಲ್ಲಿಯ ಕರೆ ಸ್ವಾಮಿ?’ ಎಂದು ಕೇಳುವವರಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದ ಐದನೆಯ ಅಧ್ಯಾಯವನ್ನು ಪೂರ್ತಿಯಾಗಿ ಈ ಪ್ರಶ್ನೆಗೇ ಮೀಸಲಿಟ್ಟಿತು. ಪಾವಿತ್ರ್ಯದ ಕರೆ ಎಲ್ಲರಿಗೂ ಇದೆ. ದಂಪತಿಗಳಿಗೂ, ವಿಧವೆಯರಿಗೂ, ಬೆವರು ಸುರಿಸಿ ದುಡಿಯುವವರಿಗೂ ಇದೆ ಎಂಬುದೇ ಅದರ ಬೋಧನೆ. ಆದ್ದರಿಂದ ಕರೆ ಇದೆಯೇ ಎಂದು ಚರ್ಚಿಸಬೇಕಾಗಿಲ್ಲ. ಅದು ನಮ್ಮೊಳಗೆ ಹೇಗೆ ಪ್ರವೇಶಿಸುತ್ತದೆ ಎಂಬುದನ್ನು ನೋಡೋಣ.

ಶುಭಸಂದೇಶಕರ್ತ ಸಂತ ಲೂಕನಿಗೆ ಬಹಳ ಪ್ರಿಯವಾದ ಒಂದು ಗ್ರೀಕ್ ಕ್ರಿಯಾಪದವಿದೆ: ‘ದಿಯನೊಯ್ಗೊ’. ಪೂರ್ತಿಯಾಗಿ ತೆರೆಯುವುದು ಎಂದು ಅದರ ಅರ್ಥ. ಅವನ ಶುಭಸಂದೇಶದ 24ನೆಯ ಅಧ್ಯಾಯವನ್ನು ತೆಗೆದು ನೋಡಿ. ಎಮ್ಮಾವಿನ ಮನೆಯಲ್ಲಿ ರೊಟ್ಟಿ ಮುರಿದಾಗ ಇಬ್ಬರು ಶಿಷ್ಯರ ಕಣ್ಣುಗಳು ತೆರೆದವು. ದಾರಿಯಲ್ಲಿ ಪ್ರಭು ತಮಗೆ ಪವಿತ್ರಗ್ರಂಥವನ್ನು ತೆರೆದು ತೋರಿಸಿದ್ದನ್ನು ಅವರು ಆಗ ನೆನಪಿಸಿಕೊಂಡರು. ಬಳಿಕ ಜೆರುಸಲೇಮಿನಲ್ಲಿ ಪುನರುತ್ಥಾನಿ ಯೇಸು ಶಿಷ್ಯರ ಮನಸ್ಸನ್ನು ತೆರೆದರು. ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿ, ಫಿಲಿಪ್ಪಿ ಪಟ್ಟಣದ ನದೀತೀರದಲ್ಲಿ ಸಂತ ಪೌಲನ ಮಾತು ಕೇಳುತ್ತಿದ್ದ ಲುದಿಯಳ ಹೃದಯವನ್ನು ಪ್ರಭು ತೆರೆದರು. ಕಣ್ಣು, ಗ್ರಂಥ, ಮನಸ್ಸು, ಹೃದಯ ಈ ನಾಲ್ಕಕ್ಕೂ ಲೂಕ ಬಳಸಿರುವುದು ಅದೇ ಪದವನ್ನು. ತೆರೆದವರು ಯಾರು ಎಂಬುದನ್ನೂ ಗಮನಿಸಿ. ಮನುಷ್ಯನು ತನ್ನ ಹೃದಯವನ್ನು ತಾನೇ ತೆರೆದುಕೊಂಡನೆಂದು ಲೂಕ ಇಲ್ಲಿ ಎಲ್ಲಿಯೂ ಹೇಳುವುದಿಲ್ಲ. ಹಾಗಾದರೆ ನಮ್ಮ ಪಾಲಿನ ಕೆಲಸ ಏನೂ ಇಲ್ಲವೇ? ಇದೆ. ಲುದಿಯ ಆ ಸಬ್ಬತ್ ದಿನ ಪ್ರಾರ್ಥನೆಗೆಂದು ಬಂದು ಕುಳಿತಿದ್ದಳು, ಕಿವಿಗೊಟ್ಟಿದ್ದಳು. ಎಮ್ಮಾವಿನ ಶಿಷ್ಯರು ದಾರಿಹೋಕನನ್ನು ಮುಂದೆ ಹೋಗಗೊಡದೆ ಮನೆಯೊಳಗೆ ಕರೆದರು.

ಮನಸ್ಸು ಬೇರೆ, ಹೃದಯ ಬೇರೆ ಎಂದು ಲೂಕ ಸುಮ್ಮನೆ ಹೇಳಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲೇ ಇದನ್ನು ಕಾಣಬಹುದು. ಒಬ್ಬರಿಗೆ ಧರ್ಮೋಪದೇಶವೆಲ್ಲ ಬಾಯಿಪಾಠ. ಭಾನುವಾರದ ವಾಚನವನ್ನು ತಪ್ಪಿಲ್ಲದೆ ಓದುತ್ತಾರೆ. ಆದರೆ ಹೊಲ ಭಾಗವಾದಂದಿನಿಂದ ಒಡಹುಟ್ಟಿದ ಅಣ್ಣನೊಡನೆ ಮಾತಿಲ್ಲ. ಎರಡು ಮೊಳ ಬದು, ಒಂದು ಬೋರ್‌ವೆಲ್, ಇಷ್ಟೇ ಜಗಳದ ಮೂಲ. ಬಲಿಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳುವಾಗ ಮುಖ ಇನ್ನೊಂದು ಕಡೆಗೆ ತಿರುಗುತ್ತದೆ. ಮತ್ತೊಬ್ಬರಿಗೆ ಜಪಸರ ಹಿಡಿದರೆ ಕಣ್ಣೀರು ಬರುತ್ತದೆ, ಹೃದಯ ಮೃದು. ಆದರೆ ದೇವರು ನನ್ನಿಂದ ಏನನ್ನು ಬಯಸುತ್ತಿದ್ದಾರೆ ಎಂದು ಒಂದು ದಿನವೂ ಯೋಚಿಸುವುದಿಲ್ಲ. ಶುಭಸಂದೇಶ ಕಪಾಟಿನಲ್ಲೇ ಇರುತ್ತದೆ, ಯಾರೋ ಹೇಳಿದ ಹರಕೆಯ ಹಿಂದೆ ಹೋಗುತ್ತಾರೆ. ಎರಡನೆಯವರನ್ನು ತಿದ್ದುವುದು ಸುಲಭ, ಮೊದಲನೆಯವರದೇ ಕಷ್ಟ ಎಂಬುದು ನನ್ನ ಅಭಿಪ್ರಾಯ. ಎಲ್ಲವೂ ತಿಳಿದಿದೆ ಎಂದುಕೊಂಡವರು ಕೇಳುವುದನ್ನೇ ನಿಲ್ಲಿಸಿರುತ್ತಾರೆ.

ಕೇಳುವುದೆಂದರೇನು ಎಂಬುದನ್ನು ನಮ್ಮ ಸೀಮೆಯ ಜನರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ ಕಾರಣಿಕ ನುಡಿಯುವುದನ್ನು ನೀವೆಲ್ಲ ಬಲ್ಲಿರಿ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ!’ ಎಂದು ಕೂಗಿದರೆ ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಒಂದೇ ಒಂದು ವಾಕ್ಯಕ್ಕಾಗಿ ಅಷ್ಟು ಮೌನ! ನಮ್ಮ ನಂಬಿಕೆ ಬೇರೆ. ಕಾರಣಿಕದಲ್ಲಿ ಜನ ಹುಡುಕುವುದು ಮಳೆ ಬೆಳೆಯ, ನಾಡಿನ ಭವಿಷ್ಯವನ್ನು. ದೇವರ ಕರೆ ನಾಳೆ ಏನಾಗುತ್ತದೆಂದು ಹೇಳದೆ, ಇಂದು ನೀನು ಏನು ಮಾಡುವೆ ಎಂದು ಕೇಳುತ್ತದೆ. ಆದರೂ ನೆರೆಯವರ ಆ ಮೌನ ನಮ್ಮನ್ನು ನಾಚಿಸಬೇಕು. ಪರಮಪ್ರಸಾದ ಸ್ವೀಕರಿಸಿದ ಬಳಿಕ ಎರಡು ನಿಮಿಷ ಸುಮ್ಮನೆ ಕೂರುವುದು ನಮಗೆ ಭಾರ. ಜೇಬಿನ ಮೊಬೈಲಿನ ಕಡೆಗೆ ಕೈ ಹೋಗುತ್ತದೆ. ಯೇಸುಸ್ವಾಮಿ ಕಿವುಡನನ್ನು ಗುಣಪಡಿಸುವ ಮೊದಲು ಜನಸಂದಣಿಯಿಂದ ಆಚೆಗೆ ಕರೆದೊಯ್ದರು, ಆಮೇಲೆಯೇ ‘ಎಪ್ಫಥಾ’ ಎಂದರು. ಶಿಶುಗಳ ಜ್ಞಾನಸ್ನಾನದ ವಿಧಿಯಲ್ಲಿ ಗುರುಗಳು ಮಗುವಿನ ಕಿವಿ ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುವುದು ಇದನ್ನೇ ನೆನೆದು.

ಕೇಳಿದ್ದೆಲ್ಲ ಕೂಡಲೇ ಅರ್ಥವಾಗುತ್ತದೆಯೇ? ಇಲ್ಲ. ಬಾಲಕ ಸಮುವೇಲನು ಮೂರು ಸಲ ಎದ್ದು ಏಲಿಯ ಬಳಿಗೆ ಓಡಿದ. ಕಣ್ಣು ಮಂಜಾದ ಆ ಮುದುಕನೇ ಇದು ದೇವರ ದನಿ ಎಂದು ತಿಳಿಸಬೇಕಾಯಿತು. ಅಸ್ಸಿಸಿಯ ಸಂತ ಫ್ರಾನ್ಸಿಸರು ಪಾಳುಬಿದ್ದ ಸಾನ್ ದಾಮಿಯಾನೊ ದೇವಾಲಯದಲ್ಲಿ, ತನ್ನ ಮನೆಯನ್ನು ದುರಸ್ತಿ ಮಾಡೆಂಬ ಪ್ರಭುವಿನ ಕರೆಯನ್ನು ಆಲಿಸಿ, ಕಲ್ಲು ಬೇಡಿ ತಂದು ಗೋಡೆ ಕಟ್ಟಲು ತೊಡಗಿದರು. ಆ ಮನೆ ಇಡೀ ಧರ್ಮಸಭೆ ಎಂಬುದು ತಿಳಿದದ್ದು ನಂತರ. ಅವರ ಹೃದಯ ಮೊದಲು ತೆರೆಯಿತು, ಮನಸ್ಸು ನಿಧಾನವಾಗಿ. ಅರ್ಥವಾಗುವವರೆಗೆ ಅವರು ಕೈಕಟ್ಟಿ ಕೂರಲಿಲ್ಲ ಎಂಬುದೇ ದೊಡ್ಡದು. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ರಚನೆಯಾದಾಗ ಅದರ ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಅವರು ಈ ಫ್ರಾನ್ಸಿಸರ ಸಭೆಗೆ ಸೇರಿದವರೇ.

ಇನ್ನು ನಮ್ಮ ಮನೆಗಳ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಸುಗ್ಗಿ ಮುಗಿಯುವ ಮೊದಲೇ ಗುಳೆ ಶುರುವಾಗುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಕ್ಕೋ ದುಡಿಯುವ ಕೈಗಳೆಲ್ಲ ಹೊರಡುತ್ತವೆ. ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು. ತಪಸ್ಸುಕಾಲದ ನಲವತ್ತು ದಿನಗಳು ಬರುವುದೂ ಆ ತಿಂಗಳುಗಳಲ್ಲೇ. ‘ಉಪವಾಸ ಮಾಡಿ’ ಎಂದು ಅರೆಹೊಟ್ಟೆಯ ಆ ಅಜ್ಜಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಉಳಿದಿರುವ ನಮಗೆ, ಸಂಬಳವೋ ನೀರಾವರಿಯೋ ಇರುವವರಿಗೆ, ದೇವರ ಕರೆ ಎಲ್ಲಿಂದ ಬರುತ್ತಿದೆ ಎಂದು ದೂರ ಹುಡುಕಬೇಕೇ? ಪಕ್ಕದ ಮನೆಯ ಮಗು ಸಂಜೆ ಎಲ್ಲಿ ಓದುತ್ತದೆ? ಜ್ವರ ಬಂದರೆ ಅಜ್ಜಿಯನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ಗುಳೆ ಹೋದ ದಂಪತಿಗಳಿಗೂ ಕರೆ ಇದೆ. ತಗಡಿನ ಶೆಡ್ಡಿನಲ್ಲಿ ರಾತ್ರಿ ಒಂದು ಪರಲೋಕ ಮಂತ್ರ ಹೇಳಿ ಮಲಗುವುದು, ವಾರದ ಬಟವಾಡೆಯನ್ನು ಕುಡಿತಕ್ಕೆ ಕೊಡದೆ ಊರಿಗೆ ಕಳುಹಿಸುವುದು. ಬಲಿಪೀಠದ ಮುಂದೆ ನಿಂತು ಕೊಟ್ಟ ಮಾತಿಗೆ ಅಲ್ಲಿ ಬೇರೆ ಸಾಕ್ಷಿಗಳಿಲ್ಲ.

ಈ ವಾರ ಮನೆಯಲ್ಲಿ ಲೂಕನ ಆ 24ನೆಯ ಅಧ್ಯಾಯವನ್ನು ಓದಲು ಬರುವ ಮಗುವಿನಿಂದ ಓದಿಸಿರಿ, ಟಿ.ವಿ. ಆರಿಸಿ. ಮರುದಿನ ಲುದಿಯಳ ಕಥೆ. ಆಕೆ ಊದಾ ಬಣ್ಣದ ಬಟ್ಟೆ ಮಾರುತ್ತಿದ್ದ ವ್ಯಾಪಾರಿ, ಪರವೂರಿನ ಹೆಣ್ಣುಮಗಳು. ಪ್ರಭು ಆಕೆಯ ಹೃದಯ ತೆರೆದ ಮೇಲೆ ಆಕೆ ತನ್ನ ವ್ಯಾಪಾರವನ್ನು ಬಿಟ್ಟಳೆಂದು ಲೂಕ ಬರೆಯುವುದಿಲ್ಲ. ಮನೆಮಂದಿಯೊಡನೆ ಜ್ಞಾನಸ್ನಾನ ಪಡೆದಳು. ಪೌಲ ಮತ್ತು ಸಂಗಡಿಗರನ್ನು ಒತ್ತಾಯ ಮಾಡಿ ಮನೆಗೆ ಕರೆದಳು. ಮುಂದೆ ಪೌಲ ಮತ್ತು ಸೀಲ ಛಡಿಯೇಟು ತಿಂದು, ಸೆರೆಮನೆಯಿಂದ ಹೊರಬಂದಾಗ ನೇರವಾಗಿ ನಡೆದು ಹೋದದ್ದು ಆಕೆಯ ಮನೆಗೇ.